ಸರಳಿಗೆ ಬಣ್ಣ ಬಳಿಯುವವನು

ಏಪ್ರಿಲ್ ಬಂತೆಂದರೆ ನನ್ನ ಕೆಲಸ ಶುರು.
ಹೊಳೆಯಲ್ಲಿನ್ನೂ ಹಿಮ ಕರಗಿದ ನೀರು,
ದಡದಲ್ಲಿ ಒಂದೆರಡು ಬಾತು,
ನಾಯಿಯ ಹಿಂದೆ ಓಡುವ ಒಬ್ಬ ಹೆಂಗಸು.
ತಂತಿಬ್ರಷ್ಷಿನಿಂದ ತುಕ್ಕು ಕೆರೆದು
ಡಬ್ಬದ ಮುಚ್ಚಳ ಮೀಟಿ, ಕಡ್ಡಿಯಲ್ಲಿ ಕಲಕಿ
ಬಳಿಯುತ್ತೇನೆ:
ಆರೆ ನದಿಯ ದಡದಲ್ಲಿ
ಮೆಟ್ಟಿಲು ಇಳಿದಲ್ಲೆಲ್ಲ ಒಂದೊಂದು ಕೆಂಪು ಸರಳು.

ಬರ್ನ್ ಊರಿನವರಿಗೆ ಬೇಸಿಗೆಯೆಂದರೆ ಇಷ್ಟೇ:
ಹುಲ್ಲಿನ ಮೇಲೆ ಬಟ್ಟೆ ಬಿಚ್ಚಿಟ್ಟು
ಹರಿವಿಗೆ ಎದುರಾಗಿ ಅರ್ಧ ತಾಸು ನಡೆಯುವುದು.
ಬ್ಯಾಂಕಿನ ಮ್ಯಾನೇಜರು, ಹಲ್ಲಿನ ಡಾಕ್ಟರು, ಆರು ತಿಂಗಳ ಬಸುರಿ,
ಕಾದ ದಾರಿಯಲ್ಲಿ ಬರಿಗಾಲಲ್ಲಿ ಕುಣಿಕುಣಿದು
ಮೇಲೆಲ್ಲೋ ಧುಮುಕಿ
ನಡೆದಷ್ಟನ್ನೂ ಹತ್ತೇ ನಿಮಿಷದಲ್ಲಿ
ಹೊಳೆಯಿಂದ ವಸೂಲು ಮಾಡುವುದು.

ನೀರಿಗಿಳಿದ ಮೇಲೆ ಚಳಿಯೇನು ಎನ್ನುವವರು
ಈ ನೀರಿಗೆ ಇಳಿದವರಲ್ಲ.
ಜಪ್ತಿಗೆ ಬಂದ ಅಮೀನನ ಹಾಗೆ
ಮೊದಲು ಉಸಿರನ್ನೇ ಹೊತ್ತೊಯ್ಯುತ್ತದೆ.
ಆಮೇಲೆ ಒಂದೊಂದಾಗಿ ಹಿಂದಿರುಗಿಸುತ್ತದೆ:
ತೋಳು, ತೊಡೆ, ತಡವಾಗಿ ನಗು.

ಕಿವಿ ಮುಳುಗಿಸಿ ನೋಡು.
ತಳದಲ್ಲಿ ಹರಳುಗಲ್ಲು ಉರುಳುವ ಸದ್ದು,
ಪಕ್ಕದ ಮನೆಯ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ
ಚಿಟಿಚಿಟಿ, ಚಿಟಿಚಿಟಿ.
ಬೆಟ್ಟವೊಂದು ನುಚ್ಚುನುಚ್ಚಾಗಿ ಕೆಳಗೆ ಹೊರಟಿದೆ,
ಜೊತೆಗೆ ನೀನು.
ಸೇತುವೆ ನಿನ್ನ ಮೇಲೆ ಹಾದು ಹಿಂದಕ್ಕೆ ಹೋಗುತ್ತದೆ,
ನೀನು ಇದ್ದಲ್ಲೇ ಇದ್ದ ಹಾಗೆ.
ಇಷ್ಟು ಹಗುರ ನಾನು ಬೇರೆಲ್ಲೂ ಆಗಿಲ್ಲ,
ಮದುವೆಯ ದಿನ ಕೂಡ.

ಆದರೆ ಹೊಳೆ ಯಾರಿಗೂ ನಿಲ್ಲಿಸುವುದಿಲ್ಲ.
ಇರುವುದು ನನ್ನ ಸರಳುಗಳು.
ಒಂದು ತಪ್ಪಿತೇ, ಮುಂದಿನದು.
ಅದೂ ತಪ್ಪಿತೇ, ಅದರ ಮುಂದಿನದು.
ಕೊನೆಯದರ ಆಚೆ ಅಡ್ಡಗಟ್ಟೆ.
ಸೇತುವೆಯಿಂದ ನೋಡಿದರೆ ಹಾಲುಕ್ಕಿದಂತೆ ಚಂದ.
ಅದರ ಬುಡದಲ್ಲಿ ನೀರು ಮಡಚಿಕೊಂಡು
ತಾನು ಕೊಟ್ಟದ್ದನ್ನೇ ಮತ್ತೆ ಒಳಗೆಳೆಯುತ್ತದೆ.

ಫ್ರೀಡಾ ಏಶ್ಲಿಮಾನ್, ಎಪ್ಪತ್ತಾರು ವರ್ಷ,
ಹೊಸಬರಿಗೆಲ್ಲ ಒಂದೇ ಮಾತು ಹೇಳುತ್ತಾರೆ:
ಸಾಕು ಅನ್ನಿಸುವ ಮೊದಲೇ ದಡಕ್ಕೆ ಹೊರಳಿ.
ಸಾಕು ಅನ್ನಿಸಿದಾಗ ಹೊರಳಿದರೆ ತಡ.
ಹೊಸಬರು ತಲೆಯಾಡಿಸುತ್ತಾರೆ. ಇನ್ನೂ ಒಂದು ಸರಳು, ಇನ್ನೂ ಒಂದು...
ನಾನೂ ಹಾಗೆಯೇ ಇದ್ದೆ.

ನನ್ನ ಲೆಕ್ಕ ಬೇರೆ. ಸೆಪ್ಟೆಂಬರಿನಲ್ಲಿ
ಸವೆದ ಬಣ್ಣ ನೋಡಿ ಬೇಸಿಗೆ ಎಂಥದಿತ್ತೆಂದು ಹೇಳಬಲ್ಲೆ.
ನಡುವಿನ ಸರಳುಗಳು ಬೋಳು ಬೋಳು,
ಸಾವಿರ ಒದ್ದೆ ಅಂಗೈ ನೆಕ್ಕಿದ ಹಾಗೆ.
ಕೊನೆಯದು ಮಾತ್ರ ಪ್ರತಿ ವರ್ಷ
ಬಳಿದ ದಿನದಷ್ಟೇ ಕೆಂಪು.
ಅದಕ್ಕೇಕೆ ಬಣ್ಣ ದಂಡ, ಅಂದಿದ್ದ
ಕೆಲಸ ಕಲಿಯಲು ಬಂದ ಹುಡುಗ ಯಾನಿಕ್.
ಬಳಿ, ಅಂದೆ.

ಹೋದ ವರ್ಷ ಆ ಸರಳಿನ ಮೇಲೆ
ಒಂದು ಗೀರು.
ಗೇಣುದ್ದ, ಕಬ್ಬಿಣ ಕಾಣುವಷ್ಟು ಆಳ,
ಬೆರಳಿನ ಉಂಗುರ ಜಾರಿ ಜಾರಿ
ತುದಿಯಲ್ಲಿ, ಒಂದೇ ಒಂದು ಬೆರಳಗಲ ಉಳಿದಿರುವಾಗ
ನಿಂತಂತೆ.

ಪತ್ರಿಕೆಯಲ್ಲಿ ಏನೂ ಬರಲಿಲ್ಲ.
ಪೊಲೀಸಿನವರಿಗೂ ಗೊತ್ತಿಲ್ಲ.
ಅಂದರೆ ಯಾರೋ ಹತ್ತಿದ್ದಾರೆ,
ಮೆಟ್ಟಿಲ ಮೇಲೆ ಕೂತು ನೀರು ಕಕ್ಕಿ,
ಮನೆಗೆ ಹೋಗಿ ಆಲೂಗಡ್ಡೆ ಬೇಯಿಸಿದ್ದಾರೆ,
ಯಾರಿಗೂ ಹೇಳಿಲ್ಲ.
ಆ ಚಳಿಗಾಲವಿಡೀ ಟ್ರಾಮಿನಲ್ಲಿ
ನಾನು ಜನರ ಮುಖ ನೋಡಲಿಲ್ಲ, ಕೈ ನೋಡಿದೆ.

ಈ ಏಪ್ರಿಲ್‌ನಲ್ಲಿ ಗೀರಿನ ಮುಂದೆ
ಬ್ರಷ್ಷು ಹಿಡಿದು ಸುಮ್ಮನೆ ಕೂತಿದ್ದೆ.
ಮುಚ್ಚಲೇ, ಬಿಡಲೇ?
ಬಿಟ್ಟರೆ ತುಕ್ಕು ತಿನ್ನುತ್ತದೆ.
ಮೂರು ಕೋಟು ಬೇಕಾಯಿತು.

ಫ್ರೀಡಾ ಬಂದರು, ಹೆಗಲ ಮೇಲೆ ಟವೆಲ್ಲು.
ಇಷ್ಟು ಬೇಗ? ನೀರು ಎಂಟು ಡಿಗ್ರಿ, ಅಂದೆ.
ಕಾಲಷ್ಟೇ ಅದ್ದುತ್ತೇನೆ ಅಂತ ಸುಳ್ಳು ಹೇಳಿದರು.
ಬಗ್ಗಿ ಸರಳನ್ನು ನೋಡಿದರು ಸ್ವಲ್ಪ ಹೊತ್ತು.
ಎಡಗೈ ಉಂಗುರದ ಬೆರಳಲ್ಲಿ
ಉಂಗುರವಿಲ್ಲ, ಅದರ ಬಿಳಿ ಜಾಗವಿದೆ.

ಒಣಗಿತೇ ಬಣ್ಣ, ಕೇಳಿದರು.
ನಾಳೆಗೆ, ಅಂದೆ.
ಸರಿ ಹಾಗಾದರೆ,
ಇವತ್ತು ಮೊದಲನೆಯದರಲ್ಲೇ ಹತ್ತುತ್ತೇನೆ ಅಂದು
ಹರಿವಿಗೆ ಎದುರಾಗಿ
ನಡೆಯತೊಡಗಿದರು.